ಗುಲಾಬಿ ಚೀಟಿ, ಅವಧಿ ಮೂರು ತಿಂಗಳು

ಹರಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಮ್ಮ ಅಕ್ಕ ಉಪ್ಪು ಖಾರ ಹಚ್ಚಿ ಹೇಳುವುದು ಬೇಡ. ಇದೇ ಎರಡು ಕೈಗಳಿಂದ, ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ, ಹಾಲು ಉಕ್ಕದಂತೆ ಒಂದು ಕಣ್ಣು ಒಲೆಯ ಮೇಲಿಟ್ಟುಕೊಂಡು ಹರಿದೆ. ಹರಿದು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡೆ. ಅದು ನನ್ನ ಗಂಡ ಬರೆದ ಚೀಟಿ. ನಮ್ಮ ಮನೆಯಲ್ಲಿ ಏಳು ವರ್ಷ ಯಾರೂ ಎತ್ತದಿದ್ದ ಮಾತನ್ನು ಅವರು ಅದರಲ್ಲಿ ಎತ್ತಿದ್ದರು. ಅದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ಹೋದ ಭಾನುವಾರ.

ಆ ಮಾತು ಯಾವುದೆಂದು ಹೇಳುತ್ತೇನೆ. ನಮ್ಮದು ಮೂರನೇ ಮಹಡಿಯ ಮನೆ. ಮಲಗುವ ಕೋಣೆಯ ಪಕ್ಕದಲ್ಲಿ ಒಂದು ಪುಟ್ಟ ಕೋಣೆ ಇದೆ. ನಾನು ಎರಡು ಸಲ ಬಸುರಾದೆ, ಎರಡು ಸಲವೂ ನಿಲ್ಲಲಿಲ್ಲ. ಎರಡನೆಯದು ಆರನೇ ತಿಂಗಳಲ್ಲಿ ಹೋಯಿತು. ಅಷ್ಟರಲ್ಲಿ ಇವರು ಆ ಕೋಣೆಗೆ ತಿಳಿ ಹಳದಿ ಬಣ್ಣ ಹೊಡೆದಾಗಿತ್ತು, ಕಿಟಕಿಗೆ ಸರಳು ಹಾಕಿಸಿಯಾಗಿತ್ತು. ಆಸ್ಪತ್ರೆಯಿಂದ ಬಂದ ದಿನ ಆ ಬಾಗಿಲ ಮುಂದೆ ನಿಂತು ನಾನು, "ಇನ್ಮೇಲೆ ಈ ಮನೇಲಿ ಮಕ್ಕಳ ವಿಷ್ಯ ಯಾರಾದ್ರೂ ಎತ್ತಿದ್ರೆ ನಾನು ಇಲ್ಲಿರಲ್ಲ" ಎಂದೆ. ಇವರು "ಸರಿ" ಎಂದರು. ಈ ಮನುಷ್ಯ ಒಂದು ಸಲ ಸರಿ ಎಂದರೆ ಮುಗಿಯಿತು, ಮೀರಿ ಗೊತ್ತಿಲ್ಲ. ಆದರೆ ನಾನು ಒಳಗೊಳಗೇ ಕಾಯುತ್ತಿದ್ದೆ. ಒಂದು ದಿನವಾದರೂ ನನ್ನ ಮಾತು ಮೀರಲಿ, ಹತ್ತಿರ ಕೂತು, ಏನು ಮಾಡೋಣ ಹೇಳು ಎಂದು ಕೇಳಲಿ ಎಂದು ಏಳು ವರ್ಷ ಕಾದೆ. ಕಾಯುತ್ತಿದ್ದೇನೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ನನ್ನ ಮೊಂಡುತನಕ್ಕಿಷ್ಟು ಬೆಂಕಿ ಹಾಕ.

ನನ್ನ ಕೆಲಸ ಔಷಧಿ ಗೋದಾಮಿನಲ್ಲಿ, ವಾಪಸು ಬಂದ ಮಾಲಿನ ವಿಭಾಗದಲ್ಲಿ. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಔಷಧಿಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಹದಿನೆಂಟು ವರ್ಷದಿಂದ ನಾನು ನೋಡುತ್ತಿರುವುದು ಒಂದನ್ನೇ, ಪೆಟ್ಟಿಗೆಯ ಹೊರಗಿನ ತಾರೀಖು. ಅವಧಿ ಮುಗಿದಿದ್ದರೆ ಅದು ಯಾವ ಕಾಯಿಲೆಗೆ, ಎಷ್ಟು ಬೆಲೆಯದು ಎಂದೆಲ್ಲ ಓದುತ್ತ ಕೂರುವಂತಿಲ್ಲ. ನಾಲ್ಕಾಗಿ ಹರಿ, ಕೆಂಪು ಡಬ್ಬಕ್ಕೆ ಹಾಕು, ಮುಂದಿನದನ್ನು ಎತ್ತಿಕೋ. ಹರಿಯದೆ ಬಿಟ್ಟರೆ ಯಾರೋ ಕಳ್ಳರು ಆ ರಟ್ಟನ್ನು ಹೊತ್ತುಕೊಂಡು ಹೋಗಿ ನಕಲಿ ಮಾತ್ರೆ ತುಂಬುತ್ತಾರೆ. ಗೋದಾಮಿನಲ್ಲಿ ನನ್ನನ್ನು ತಾರೀಖಮ್ಮ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಮುಖದೆದುರೇ ಕರೆಯುತ್ತಾರೆ, ನನಗೆ ಅದರಿಂದ ಒಂದು ರೀತಿ ಹೆಮ್ಮೆಯೇ ಇತ್ತು.

ಇವರದು ಲಿಫ್ಟ್ ರಿಪೇರಿ. ಎಲ್ಲೋ ಯಾರೋ ಸಿಕ್ಕಿಹಾಕಿಕೊಂಡರೆ ಫೋನು ಬರುತ್ತದೆ, ಬಾಯಲ್ಲಿಟ್ಟ ತುತ್ತನ್ನು ನುಂಗುತ್ತಲೇ ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಒಂದು ಸಲ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಆ ಕಟ್ಟಡದ ಲಿಫ್ಟೇ ಕೆಟ್ಟಿತ್ತು, ಇವರೇ ಬಂದಿದ್ದರು. ಒಳಗಿದ್ದ ಹೆಂಗಸಿಗೆ ಬಾಗಿಲಿಗೆ ಬಾಯಿಟ್ಟು ಹೇಳುತ್ತಿದ್ದರು: "ಹೆದರ್ಕೋಬೇಡಿ ತಾಯಿ, ನಾನು ಇಲ್ಲೇ ಇದೀನಿ, ಎಲ್ಲೂ ಹೋಗಲ್ಲ. ಗಾಳಿ ಬರ್ತಿದೆ ಅಲ್ವಾ? ನಿಮ್ಮನೇಲಿ ಯಾರ್ಯಾರಿದಾರೆ, ಹೇಳಿ ನೋಡೋಣ." ಇಪ್ಪತ್ತು ನಿಮಿಷ ಹಾಗೆ ಮಾತಾಡಿದರು. ನಾನು ಮೆಟ್ಟಿಲ ಮೇಲೆ ದವಡೆ ಹಿಡಿದುಕೊಂಡು ನಿಂತು ಕೇಳಿದೆ. ಹೊಟ್ಟೆ ಉರಿಯಿತು. ಪರರಿಗೆ ಇಷ್ಟು ಮಾತು, ಮನೆಗೆ ಬಂದರೆ ಹೂಂ, ಸರಿ, ಬಿಡು. ಮೂರೇ ಪದ.

ಮನೆಯಲ್ಲಿ ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದುದೂ ಬಾಗಿಲಲ್ಲೇ. ನಾನು ಚಪ್ಪಲಿ ಬಿಡುವಾಗ ಅವರು ಬೂಟು ಹಾಕಿಕೊಳ್ಳುತ್ತಿದ್ದರು. ಇದನ್ನು ನೋಡಿ ನೋಡಿ ಸಾಕಾಗಿ ಒಂದು ದಿನ ಅಕ್ಕ ಬಾಯಿ ಬಿಟ್ಟಳು. ಅಕ್ಕ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಎಲ್ಲೆಲ್ಲೋ ಓದಿದ್ದನ್ನು ತಂದು ನನ್ನ ಮೇಲೆ ಪ್ರಯೋಗ ಮಾಡುವುದು ಅವಳ ಹಳೇ ಚಾಳಿ.

"ನೀವಿಬ್ರೂ ಗಂಡ ಹೆಂಡ್ತಿ ಥರ ಇಲ್ಲ ಕಣೇ. ಒಂದೇ ಮನೇಲಿ ಬಾಡಿಗೆಗಿರೋ ಇಬ್ರು ಇದ್ದ ಹಾಗಿದೀರ."

"ಪುರುಸೊತ್ತೆಲ್ಲಿದೆ ಅಕ್ಕ?"

"ಅದಕ್ಕೇ ಹೇಳ್ತಿರೋದು. ಒಂದು ಜಾಡಿ ಇಟ್ಕೊಳ್ಳಿ. ಒಟ್ಟಿಗೆ ಏನೇನು ಮಾಡ್ಬೇಕು ಅಂತ ಆಸೆ ಇದೆಯೋ ಇಬ್ರೂ ಚೀಟೀಲಿ ಬರ್ದು ಅದಕ್ಕೆ ಹಾಕಿ. ಹೊತ್ತು ಸಿಕ್ಕಾಗ ಒಂದು ತೆಗೀರಿ. ಬಂದಿದ್ದನ್ನ ಮಾಡಿ. ಏನ್ ಮಾಡೋಣ ಅಂತ ಯೋಚಿಸ್ತಾ ಕೂತ್ರೆ ಇರೋ ಅರ್ಧ ಗಂಟೆನೂ ಕಳ್ದೋಗತ್ತೆ."

"ಈ ವಯಸ್ಸಲ್ಲಿ ಎಂಥ ಚೀಟಿ ಆಟ? ನಾಚಿಕೆ ಆಗಲ್ವಾ ಹೇಳೋಕೆ?"

"ಈ ವಯಸ್ಸಲ್ಲಿ ಮಾತಾಡದೆ ಇರೋಕೆ ನಿಂಗೆ ನಾಚಿಕೆ ಆಗ್ಬೇಕು," ಎಂದಳು. ಮತ್ತೆ ದನಿ ತಗ್ಗಿಸಿ, "ಬಾಯಲ್ಲಿ ಹೇಳೋಕೆ ಆಗದೆ ಇರೋದನ್ನ ಬರೆಯೋದು ಸುಲಭ ಕಣೇ. ಅವರಿಗೂ ಏನೋ ಇರತ್ತೆ" ಎಂದಳು. ಆ ಮಾತು ನನಗೆ ನಾಟಿತು. ಮೂಗು ಮುರಿದೆ, ಆದರೆ ಮಾರನೇ ದಿನವೇ ಜಾಡಿ ತಂದೆ.

ಜಾಡಿ ಗೋದಾಮಿನದು. ಸಾವಿರ ಮಾತ್ರೆ ಹಿಡಿಸುವ ಕಂದು ಗಾಜಿನದು, ಅಗಲ ಬಾಯಿ, ಬಿಗಿ ಮುಚ್ಚಳ. ಬಿಸಿ ನೀರಲ್ಲಿ ನೆನೆಸಿ ಅದರ ಮೇಲಿನ ಕಾಗದ ಕಿತ್ತೆ. ಅಷ್ಟೂ ಬಂತು, ಕೆಳಗಿನ ಒಂದು ಸಾಲು ಮಾತ್ರ ಗಟ್ಟಿಯಾಗಿ ಅಂಟಿಕೊಂಡು ಕೂತಿತ್ತು: ಮಕ್ಕಳ ಕೈಗೆ ಸಿಗದಂತೆ ಇಡಿ. ನಾನು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಶನಿವಾರ ಮಧ್ಯಾಹ್ನ ಇವರು ಮನೆಯಲ್ಲಿದ್ದರು. ಜಾಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರು, ಆ ಸಾಲು ನೋಡಿದರು. ಚೀಲದಿಂದ ಬ್ಲೇಡು ತೆಗೆದು ಹತ್ತು ನಿಮಿಷ ಕೂತು ಅದನ್ನು ಕೆರೆದು ಕೆರೆದು ತೆಗೆದರು, ಆಮೇಲೆ ಬೆರಳಿಂದ ಸವರಿ ನೋಡಿದರು. ಆಗಲೇ ಇಬ್ಬರಲ್ಲಿ ಯಾರಾದರೂ ಒಬ್ಬರು ಅತ್ತಿದ್ದರೂ ಸಾಕಿತ್ತು.

ಮತ್ತೆ ಬರೆಯಲು ಕೂತೆವು. ನಾನು ಗೋದಾಮಿನ ಲೇಬಲ್ಲುಗಳ ಹಿಂದಿನ ಹಳದಿ ಕಾಗದ ತಂದಿದ್ದೆ. ಅದು ನುಣುಪು, ಜಾರುತ್ತದೆ. ಅವರು ತಮ್ಮ ಸರ್ವೀಸ್ ಪುಸ್ತಕದ ಗುಲಾಬಿ ಹಾಳೆ ಹರಿದುಕೊಂಡರು. ಅದು ಒರಟು. ಒಬ್ಬರು ಬರೆಯುವುದನ್ನು ಇನ್ನೊಬ್ಬರು ನೋಡಬಾರದು, ಎರಡು ಮಡಿಕೆ ಮಾಡಿ ಹಾಕಬೇಕು, ಹೊರಗೆ ಎಷ್ಟು ಹೊತ್ತಿನ ಕೆಲಸವೆಂದು ಬರೆಯಬೇಕು. ಕಾಲು ಗಂಟೆ, ಒಂದು ಗಂಟೆ, ಇಡೀ ದಿನ. ಇಷ್ಟು ಅಕ್ಕ ಹೇಳಿದ್ದು. ಅಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ಬದುಕು ಬೇರೆಯಾಗುತ್ತಿತ್ತು. ಆದರೆ ನಾನು ತಾರೀಖಮ್ಮ ಅಲ್ಲವೇ! ಹಳೇ ರಬ್ಬರ್ ಮೊಹರೊಂದು ಮನೆಯಲ್ಲಿತ್ತು.

"ಎಲ್ಲಕ್ಕೂ ಕೊನೇ ತಾರೀಖು ಹಾಕ್ತೀನಿ," ಎಂದೆ. "ಇಲ್ಲಾಂದ್ರೆ ನಾಳೆ ನಾಡಿದ್ದು ಅಂತ ಇದೂ ಧೂಳು ತಿನ್ನತ್ತೆ. ಕಾಲು ಗಂಟೇದಕ್ಕೆ ಒಂದು ತಿಂಗಳು, ಒಂದು ಗಂಟೇದಕ್ಕೆ ಎರಡು, ಇಡೀ ದಿನದ್ದಕ್ಕೆ ಮೂರು ತಿಂಗಳು."

ಇವರು ನಕ್ಕರು. "ನಮ್ಮನ್ನೂ ಗೋದಾಮಿಗೆ ಹಾಕಿದ್ಯಲ್ಲ."

ಅವರು ಆರು ಚೀಟಿ ಬರೆದರು. ಐದನ್ನು ಪಟಪಟ ಬರೆದು ಮುಗಿಸಿದರು, ಆರನೆಯದಕ್ಕೆ ತುಂಬ ಹೊತ್ತು ಹಿಡಿಯಿತು. ಪೆನ್ನಿನ ಹಿಂಬದಿ ಕಚ್ಚುತ್ತ ಆ ಪುಟ್ಟ ಕೋಣೆಯ ಬಾಗಿಲ ಕಡೆ ನೋಡುತ್ತಿದ್ದರು. ಮಡಚಿ ಹೊರಗೆ ಇಡೀ ದಿನ ಎಂದು ಬರೆದು ನನ್ನ ಕೈಗೆ ಕೊಟ್ಟರು. ನಾನು ಮೊಹರು ಒತ್ತುವಾಗ, "ಇದಕ್ಕೆ ಸ್ವಲ್ಪ ಜಾಸ್ತಿ ದಿನ ಕೊಡ್ತೀಯಾ?" ಎಂದರು.

"ಯಾಕೆ, ಇದಕ್ಕೇನು ಕೋಡು ಬಂದಿದೆಯಾ? ಎಲ್ಲಕ್ಕೂ ಒಂದೇ ನಿಯಮ."

"ಸರಿ," ಎಂದರು.

ಮೊದಲ ಒಂದೆರಡು ವಾರ ಚೆನ್ನಾಗಿತ್ತು. ಸುಳ್ಳು ಹೇಳಬಾರದು, ನಿಜವಾಗಿಯೂ ಚೆನ್ನಾಗಿತ್ತು. ಫೋನು ಕೆಳಗಿಟ್ಟು ತಾರಸಿಯ ಮೇಲೆ ಟೀ ಕುಡಿಯುವುದು ಎಂದು ನನ್ನದೊಂದು ಬಂತು, ಕುಡಿದೆವು. ಅವರದೊಂದು ಬಂತು: ಹದಿನಾಲ್ಕು ಮಹಡಿ ಕಟ್ಟಡದ ತುದಿಯಲ್ಲಿರುವ ಲಿಫ್ಟಿನ ಯಂತ್ರದ ಕೋಣೆ ತೋರಿಸುವುದು. "ಹೆಂಡ್ತೀನ ಕರ್ಕೊಂಡು ಹೋಗೋಕೆ ಯಂತ್ರದ ಕೋಣೆನೇ ಸಿಕ್ತಾ ನಿಮ್ಗೆ?" ಎಂದು ಆಡಿಕೊಂಡೆ, ಆದರೆ ಹೋದೆ. ಗ್ರೀಸಿನ ವಾಸನೆ, ದೊಡ್ಡ ಚಕ್ರ, ಅದರ ಮೇಲೆ ಉಕ್ಕಿನ ಹಗ್ಗಗಳು. ಹಗ್ಗದ ಮೇಲೆ ಬೆರಳಾಡಿಸಿ, ಎಳೆ ಹೇಗೆ ಸವೆದಿದೆ ನೋಡಿದರೆ ಅದು ಎಷ್ಟು ವರ್ಷ ಓಡಿದೆ, ಎಲ್ಲಿ ಭಾರ ಬಿದ್ದಿದೆ ಎಂದು ಹೇಳಬಹುದು ಎಂದರು. ಅಂಥ ಕಣ್ಣು ಅವರದು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಎಂದಿನಂತೆ ಆಯಿತು. ನಮ್ಮ ಗೋದಾಮಿನಲ್ಲಿ ದಾಸ್ತಾನು ತಪಾಸಣೆ ಬಂತು, ಅವರಿಗೆ ಜೊತೆಗಾರನೊಬ್ಬ ರಜೆ ಹಾಕಿ ಎರಡು ಪಾಳಿ ಬಂತು. ಕಾಲು ಗಂಟೆಯೂ ಕೂಡಿ ಬರಲಿಲ್ಲ. ಮೂರು ತಿಂಗಳಲ್ಲಿ ಇಬ್ಬರಿಗೂ ಒಟ್ಟಿಗೆ ಇಡೀ ದಿನ ರಜೆ ಸಿಕ್ಕಿದ್ದು ಒಂದೇ ಸಲ. ಆ ಬೆಳಿಗ್ಗೆ ಇವರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಜಿನ ಮುಂದೆ ಬಂದು ಕೂತರು. ಜಾಡಿಯನ್ನು ನನ್ನ ಕಡೆ ಸರಿಸಿ, "ನೀನೇ ತೆಗಿ" ಎಂದರು. ಕೈ ಹಾಕಿದೆ. ಮೊದಲು ಬೆರಳಿಗೆ ತಗುಲಿದ್ದು ಒರಟು ಕಾಗದ. ಇವರದು, ಮತ್ತೆ ಯಾವುದೋ ಯಂತ್ರವಿರುತ್ತದೆ, ಇಡೀ ದಿನ ಗ್ರೀಸಿನ ಮಧ್ಯೆ ಯಾರು ನಿಲ್ಲುತ್ತಾರೆ ಎಂದು ಅದನ್ನು ಬಿಟ್ಟು ಜಾರುವ ಕಾಗದ ಹುಡುಕಿ ತೆಗೆದೆ. ಮೋಸವೇ ಅದು. ನನ್ನದೇ ಚೀಟಿ ಬಂತು: ಯಾವುದಾದರೂ ಬಸ್ಸು ಹತ್ತಿ ಕೊನೇ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುವುದು. ಇವರ ಮುಖ ಸ್ವಲ್ಪ ಬಾಡಿತು. ಆದರೂ ಬಂದರು. ಐದು ನಿಲ್ದಾಣ ದಾಟುವಷ್ಟರಲ್ಲಿ ಫೋನು ಬಂತು, ಯಾವುದೋ ಲಿಫ್ಟಿನಲ್ಲಿ ಮುದುಕರೊಬ್ಬರು ಸಿಕ್ಕಿಹಾಕಿಕೊಂಡಿದ್ದರು. ಇವರು ಇಳಿದು ಹೋದರು. ನಾನು ಸಿಟ್ಟಿಗೆ ಇಳಿಯಲೇ ಇಲ್ಲ, ಕೊನೇ ನಿಲ್ದಾಣದವರೆಗೂ ಒಬ್ಬಳೇ ಹೋಗಿ ಒಬ್ಬಳೇ ಬಂದೆ.

ಅದಾಗಿ ಹತ್ತು ದಿನಕ್ಕೆ ಆ ಮಂಗಳವಾರ. ಜಾಡಿ ಸುರಿದು ತಾರೀಖು ನೋಡಿದೆ. ಅವಧಿ ಮುಗಿದವು ಏಳು. ನಾಲ್ಕು ಹಳದಿ, ಮೂರು ಗುಲಾಬಿ. ಏಳು ಆಸೆ ಹಾಗೇ ಮುಗಿದು ಹೋದವಲ್ಲ ಎಂದು ಮೈಯೆಲ್ಲ ಉರಿಯಿತು. ಒಂದೊಂದನ್ನೇ ಎತ್ತಿಕೊಂಡೆ, ಮಡಿಕೆ ಬಿಚ್ಚಲಿಲ್ಲ, ಹಾಗೇ ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದೆ. ಓದಬೇಕೆಂದು ಹೊಳೆಯಲೇ ಇಲ್ಲ. ಹದಿನೆಂಟು ವರ್ಷ ದಿನಕ್ಕೆ ಆರುನೂರು ಪೆಟ್ಟಿಗೆ ಹರಿದ ಕೈ, ಮನಸ್ಸನ್ನು ಕೇಳಿ ಕೆಲಸ ಮಾಡುವುದಿಲ್ಲ.

ಕಸ ಕೆಳಗೆ ಒಯ್ಯುವುದು ಇವರ ಪಾಲಿನ ಕೆಲಸ. ಅವತ್ತೂ ಅವರೇ ಒಯ್ದರು. ಸಂಜೆ ನಾನು ಬಂದಾಗ ಮನೆಯಲ್ಲೇ ಇದ್ದರು, ಅದೂ ಟೀ ಮಾಡಿಟ್ಟು. ನನ್ನ ಎದುರು ಕೂತು, "ಜಾಡಿ ನೋಡಿದ್ಯಾ?" ಎಂದರು.

"ನೋಡಿದೆ. ಏಳು ಹರಿದು ಹಾಕಿದೆ. ಇಟ್ಕೊಂಡು ಪೂಜೆ ಮಾಡ್ಲಾ?"

"ಬೇಜಾರಾಯ್ತಾ?"

"ಆಗದೆ ಇನ್ನೇನು? ಇನ್ಮೇಲೆ ಆಗೋ ಅಂಥದ್ದಿದ್ರೆ ಮಾತ್ರ ಬರೀರಿ."

ಅವರು ಲೋಟ ಕೆಳಗಿಟ್ಟರು. "ಸರಿ," ಎಂದರು. ನಾನು ಟೀ ಕುಡಿದು ಬಟ್ಟೆ ಮಡಚಲು ಎದ್ದೆ.

ಇಷ್ಟು ಸಾಲದೆಂಬಂತೆ ಮುಂದಿನ ವಾರ ಇಸ್ತ್ರಿ ಮೇಜು, ಬಟ್ಟೆ ಒಣಗಿಸುವ ಸ್ಟ್ಯಾಂಡು ಕೊಂಡು ತಂದೆ. "ಆ ರೂಮಲ್ಲೇ ಇಡ್ಬೇಕಾ?" ಎಂದು ಕೇಳಿದರು. "ಮತ್ತೆಲ್ಲಿ ಇಡ್ಲಿ, ನಿಮ್ಮ ತಲೆ ಮೇಲಾ? ಖಾಲಿ ಬಿದ್ದಿದೆಯಲ್ಲ," ಎಂದೆ. ಅವರೇ ಒಂದು ತುದಿ ಹಿಡಿದು ಒಳಗೆ ಸಾಗಿಸಿದರು. ಹಳದಿ ಗೋಡೆಗೆ ತಾಗದಂತೆ ಹುಷಾರಾಗಿ ಇಟ್ಟರು.

ಅಲ್ಲಿಂದ ಮುಂದೆ ಅವರು ಒಂದೇ ಒಂದು ಚೀಟಿ ಬರೆಯಲಿಲ್ಲ. ಕರೆದ ಪಾಳಿಗೆಲ್ಲ ಹೋದರು, ಬೇರೆಯವರ ರಜೆಗೂ ಹೋದರು. ಮೂರು ಪದಗಳಲ್ಲಿ ಹೂಂ ಕೂಡ ಕಡಿಮೆಯಾಯಿತು. ನಾನು ಸುಮ್ಮನಿರುವ ಪೈಕಿಯೇ? "ಅಕ್ಕ ಅಷ್ಟು ಆಸೆಯಿಂದ ಹೇಳಿದ ಜಾಡಿ ಹಾಳಾಗಿದ್ದೇ ನಿಮ್ಮಿಂದ. ನಿಮ್ಗೆ ಮನಸ್ಸಲ್ಲಿ ಏನಾದ್ರೂ ಇದ್ರೆ ತಾನೆ ಬರೆಯೋಕೆ," ಎಂದು ಎಷ್ಟು ಸಲ ಚುಚ್ಚಿದ್ದೇನೋ ಲೆಕ್ಕವಿಲ್ಲ. ಅವರು ಕೇಳಿಸಿಕೊಂಡು ಸುಮ್ಮನೆ ಬೂಟು ಹಾಕಿಕೊಳ್ಳುತ್ತಿದ್ದರು. ಜಾಡಿ ಕಪಾಟಿನ ಮೇಲೆ ಸೇರಿತು.

ಹೀಗೆ ಎರಡು ವರ್ಷ. ಹೋದ ಭಾನುವಾರ ಕಂಪನಿಯವರು ಕೊಟ್ಟ ಹೊಸ ಚೀಲಕ್ಕೆ ಸಾಮಾನು ಸೇರಿಸಲು ಇವರು ಹಳೇ ಚೀಲವನ್ನು ನೆಲದ ಮೇಲೆ ಸುರಿದು ಸ್ನಾನಕ್ಕೆ ಹೋದರು. ನೆಲಕ್ಕೆ ಗ್ರೀಸು ಹತ್ತುತ್ತದೆ ಎಂದು ಗೊಣಗುತ್ತ ಕೆಳಗೆ ಕಾಗದ ಹಾಸಲು ಹೋದೆ. ಸ್ಪ್ಯಾನರು, ಟಾರ್ಚು, ಬಾಗಿಲು ತೆಗೆಯುವ ಮೂರು ಮೂಲೆಯ ಕೀಲಿ. ಅವುಗಳ ನಡುವೆ ಅವರ ಗುರುತಿನ ಚೀಟಿಯ ಪ್ಲಾಸ್ಟಿಕ್ ಕವರು. ಅದರ ಹಿಂಬದಿಯಲ್ಲಿ ಗುಲಾಬಿ ಬಣ್ಣ ಕಂಡಿತು, ಅದರ ಮೇಲೆ ನನ್ನ ಮೊಹರು. ನನ್ನ ಮೊಹರು ನನಗೆ ಗೊತ್ತಾಗುವುದಿಲ್ಲವೇ, ಅದರ ಎರಡರ ಅಂಕಿಗೆ ಬಾಲ ಮುರಿದಿದೆ. ಎಳೆದು ತೆಗೆದೆ. ಚೂರು ಚೂರನ್ನು ಸೇರಿಸಿ, ಅಂಟಿನ ಟೇಪು ಹಚ್ಚಿದ ಹಾಳೆ. ತಿರುಗಿಸಿದೆ. ಅವರ ಗುಂಡಗಿನ ಅಕ್ಷರ.

"ಮಕ್ಕಳ ಆಶ್ರಮಕ್ಕೆ ಒಂದು ಸಲ ಹೋಗಿ ಬರೋಣ. ಸುಮ್ಮನೆ ನೋಡಿ ಬರೋಣ, ಅಷ್ಟೇ. ಅಲ್ಲಿ ಒಂದು ಮಗು ಇದೆ. ನಿನಗೆ ಬೇಡ ಅನ್ನಿಸಿದರೆ ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಈ ಚೀಟಿ ಹರಿದುಬಿಡು. ನಾನು ಮತ್ತೆ ಯಾವತ್ತೂ ಕೇಳುವುದಿಲ್ಲ."

ಅಲ್ಲೇ ಸ್ಪ್ಯಾನರುಗಳ ಮಧ್ಯೆ ಕೂತುಬಿಟ್ಟೆ.

ಇವರು ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದರು. ನನ್ನ ಕೈಯಲ್ಲಿದ್ದುದನ್ನು ನೋಡಿ ನಿಂತರು.

"ಅದು ಹಳೇದು," ಎಂದರು. "ಬಿಡು."

"ಏನ್ರೀ ಇದು?"

"ಬಿಡು ಅಂದ್ನಲ್ಲ. ನೀನು ಹರಿದೆ, ನಾನೂ ಮತ್ತೆ ಕೇಳ್ಲಿಲ್ಲ. ಎಸೆಯೋಕೆ ಮನಸ್ಸಾಗ್ಲಿಲ್ಲ, ಅದಕ್ಕೆ ಇಟ್ಕೊಂಡೆ. ನಿನ್ನ ಮೇಲೆ ಸಿಟ್ಟಿಲ್ಲ."

"ನಾನು ಇದನ್ನ ಓದೇ ಇಲ್ಲ ರೀ!"

ಅವರು ನನ್ನನ್ನು ನೋಡಿದರು. ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. "ಓದದೆ ಯಾರಾದ್ರೂ ಹರೀತಾರಾ?" ಎಂದರು. ಅಷ್ಟು ಮೆಲ್ಲಗೆ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಾನು ಹರೀತೀನಿ! ತಾರೀಖು ಮುಗಿದ್ರೆ ನಾನು ಯಾವತ್ತು ಒಳಗೆ ನೋಡಿದೀನಿ? ಅವತ್ತು ಏಳೂ ಹಾಗೇ ಹರಿದಿದ್ದು, ಒಂದನ್ನೂ ಬಿಚ್ಚಲಿಲ್ಲ." ಹೇಳುತ್ತಲೇ ಅವರ ಸರ್ವೀಸ್ ಪುಸ್ತಕ ಎಳೆದು ಎರಡು ಗುಲಾಬಿ ಹಾಳೆ ಕಿತ್ತೆ. ಒಂದನ್ನು ಮಡಚದೆ ನಾಲ್ಕಾಗಿ ಹರಿದೆ. ಇನ್ನೊಂದನ್ನು ಎರಡು ಮಡಿಕೆ ಮಾಡಿ, ಮಡಿಕೆ ಬಿಚ್ಚದೆ ನಾಲ್ಕಾಗಿ ಹರಿದೆ. ಎರಡನ್ನೂ ನೆಲದ ಮೇಲೆ ಹರಡಿದೆ. "ಎಣಿಸಿ. ಬಿಚ್ಚಿ ಹರಿದ್ರೆ ನಾಲ್ಕು ಚೂರು. ಮಡಚಿದ್ದನ್ನ ಹಾಗೇ ಹರಿದ್ರೆ ಒಂಬತ್ತು. ಮೂಲೆ ನಾಲ್ಕು, ಅಂಚಲ್ಲಿ ನಾಲ್ಕು, ನಡುವೆ ದೊಡ್ಡದೊಂದು. ಈಗ ನೀವು ಅಂಟಿಸಿರೋದನ್ನ ಎಣಿಸಿ."

ಅವರು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ನನ್ನೆದುರು ಕೂತರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಗ್ಗದ ಎಳೆ ನೋಡಿ ವರ್ಷ ಹೇಳುವ ಮನುಷ್ಯ ಮೊದಲ ಸಲ ಆ ಹರಿದ ಗೆರೆಗಳನ್ನು ನೋಡಿದರು. ಎಡಗಡೆಯ ಗೆರೆಯ ಅಂಕುಡೊಂಕೇ ಬಲಗಡೆಯೂ ಇತ್ತು, ಮೇಲಿನದೇ ಕೆಳಗೂ ಇತ್ತು. ಎಣಿಸುವಾಗ ಅವರ ತುಟಿ ಅಲುಗಿತು. ಒಂಬತ್ತಕ್ಕೆ ನಿಂತಿತು.

"ಹೌದಲ್ಲ," ಎಂದರು.

ನಾನು ಅಳುತ್ತಿದ್ದೆ, ಮುಚ್ಚಿಡಲೂ ಇಲ್ಲ. "ನೀವಾದ್ರೂ ಒಂದು ಮಾತು ಕೇಳ್ಬಾರದಿತ್ತಾ? ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ರಾ?" ಎಂದು ಅವರ ತೋಳಿಗೆ ಗುದ್ದಿದೆ.

"ಮತ್ತೆ ಕೇಳಲ್ಲ ಅಂತ ಬರ್ದಿದ್ದೆನಲ್ಲ," ಎಂದರು.

ಆಮೇಲೆ ಅವರೇ ಹೇಳಿದರು. ಚೀಟಿ ಬರೆಯುವುದಕ್ಕೆ ಮುಂಚೆ ಒಂದು ಸಲ ಆಶ್ರಮದ ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತಿತ್ತಂತೆ. ಒಳಗೆ ಅಡುಗೆಯಾಕೆ, ಜೊತೆಗೆ ನಾಲ್ಕು ವರ್ಷದ ಒಂದು ಹೆಣ್ಣುಮಗು. ಅಡುಗೆಯಾಕೆ ಕೂಗಾಡುತ್ತಿದ್ದರೆ ಮಗು ಮಾತ್ರ ಇವರು ಬಾಗಿಲಾಚೆಯಿಂದ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿತ್ತಂತೆ. ಬಾಗಿಲು ತೆಗೆದು ಎತ್ತಿಕೊಂಡಾಗ ಅದು ಕೇಳಿದ ಮೊದಲ ಮಾತು, "ನೀವು ಯಾರ ಅಪ್ಪ?"

"ಅಲ್ಲಿಗೆ ಬರೋ ಗಂಡಸರೆಲ್ಲ ಯಾರಿಗೋ ಅಪ್ಪ ಆಗೋಕೆ ಬರ್ತಾರೆ ಅಂತ ಅದಕ್ಕೆ ಗೊತ್ತು," ಎಂದರು. "ನಾನು ಲಿಫ್ಟಿನವನು ಅಂದೆ. ಆಮೇಲೆ ಪ್ರತಿ ತಿಂಗಳು ಸರ್ವೀಸಿಗೆ ಹೋದಾಗ ಬಂದು ಪಕ್ಕದಲ್ಲಿ ನಿಂತ್ಕೊಳ್ತಿತ್ತು. ಟಾರ್ಚು ಹಿಡ್ಕೊಳ್ತಿತ್ತು."

"ಈಗಲೇ ಹೋಗೋಣ ನಡೀರಿ."

"ಅದು ಈಗ ಅಲ್ಲಿಲ್ಲ. ಹೋದ ವರ್ಷ ಯಾರೋ ಕರ್ಕೊಂಡು ಹೋದ್ರು. ಒಳ್ಳೇ ಜನ ಅಂತೆ."

"ಬೇರೆ ಮಗು..."

ಅವರು ತಲೆ ಅಲ್ಲಾಡಿಸಿದರು. "ಅಲ್ಲಿ ಗಂಡ ಹೆಂಡ್ತಿ ಇಬ್ರ ವಯಸ್ಸನ್ನೂ ಸೇರಿಸಿ ನೋಡ್ತಾರೆ, ಮಿತಿ ದಾಟಿದ್ರೆ ಮಗು ಕೊಡಲ್ಲ. ಚೀಟಿ ಬರೆಯೋವಾಗ ವಿಚಾರಿಸಿದ್ದೆ. ಇನ್ನೊಂದು ವರ್ಷದೊಳಗೆ ಅರ್ಜಿ ಹಾಕಿದ್ರೆ ಆಗತ್ತೆ ಅಂದಿದ್ರು. ಆ ವರ್ಷನೂ ಮುಗೀತು."

ಅವಧಿ ಮುಗಿದಿದೆ ಎಂದು ನನಗೆ ಹೇಳಬೇಕಾಗಿ ಬಂದದ್ದು ನನ್ನ ಗಂಡನಿಗೇ. ಅದನ್ನು ಯಾರ ಮುಂದೆ ಹೇಳಿಕೊಂಡು ಅಳಲಿ?

ಬುಧವಾರ ಇಬ್ಬರೂ ರಜೆ ಹಾಕಿದೆವು. ನಾನೇ ಹಟ ಹಿಡಿದೆ. ಮಗು ಇಲ್ಲ, ಅರ್ಜಿ ಹಾಕುವಂತಿಲ್ಲ, ಮತ್ತೆ ಯಾಕೆ ಎಂದು ಇವರು ಕೇಳಲಿಲ್ಲ. ಫೋನನ್ನು ಆರಿಸಿ ಮೇಜಿನ ಮೇಲಿಟ್ಟರು. ಇಸ್ತ್ರಿ ಅಂಗಿ ಹಾಕಿಕೊಂಡರು, ಅಂದು ಬಸ್ಸಿಗೆ ಹಾಕಿಕೊಂಡಿದ್ದ ಅದೇ ಅಂಗಿ. ಅವತ್ತು ಅವರು ಯಾತಕ್ಕಾಗಿ ಅದನ್ನು ಹಾಕಿಕೊಂಡು ಕೂತಿದ್ದರೆಂದು ಎರಡು ವರ್ಷದ ಮೇಲೆ ನನಗೆ ಅರ್ಥವಾಯಿತು.

ಆಶ್ರಮ ಮೂರು ಮಹಡಿಯ ಹಳೇ ಕಟ್ಟಡ. ಬಾಗಿಲಲ್ಲಿ ಮರದ ಹಲಗೆಯ ಮೇಲೆ ಪುಟ್ಟ ಪುಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದ್ದರು. ಒಂದರ ಪಟ್ಟಿ ಕಿತ್ತುಹೋಗಿ ದಾರದಲ್ಲಿ ಕಟ್ಟಿದ್ದರು. ಮೇಲೆಲ್ಲೋ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುತ್ತಿದ್ದರು. ಇವರು ಲಿಫ್ಟಿನ ಮುಂದೆ ನಿಂತು, ಗೋಡೆಯ ಮೂಲೆಯಲ್ಲಿದ್ದ ಒಂದು ಮೊಣಕಾಲೆತ್ತರದ ಸ್ಟೂಲು ತೋರಿಸಿ, "ಇದ್ರ ಮೇಲೆ ಹತ್ತಿ ಟಾರ್ಚು ಹಿಡೀತಿತ್ತು" ಎಂದರು. ನಾನು ಆ ಸ್ಟೂಲನ್ನು ಮುಟ್ಟಿದೆ. ಮರ ನುಣುಪಾಗಿತ್ತು.

ಆಫೀಸಿನಿಂದ ಒಬ್ಬ ಹೆಂಗಸು ಹೊರಗೆ ಬಂದರು. ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುವ ಮೇಡಂ ಅವರೇ ಎಂದು ಇವರು ಮೆಲ್ಲಗೆ ಹೇಳಿದರು. ಮೇಡಂ ಇವರ ಗುರುತು ಹಿಡಿದು ನಕ್ಕರು.

"ಏನ್ ಲಿಫ್ಟಣ್ಣ, ಇವತ್ತು ಚೀಲ ಇಲ್ದೆ ಬಂದ್ಬಿಟ್ರಿ? ಲಿಫ್ಟು ಚೆನ್ನಾಗೇ ಓಡ್ತಿದೆಯಲ್ಲ. ನಾವು ಯಾರೂ ಕರೀಲಿಲ್ಲ."

ಇವರು ನನ್ನ ಕಡೆ ನೋಡಿದರು. ಜಗತ್ತಿನಲ್ಲಿ ಎಲ್ಲದಕ್ಕೂ ಪಟ್ಟನೆ ಉತ್ತರ ಕೊಡುವ ನನಗೆ ಅವತ್ತು ಒಂದು ಪದವೂ ಹುಟ್ಟಲಿಲ್ಲ. ಆಗ ಇವರು ನನ್ನ ಕೈ ಹಿಡಿದುಕೊಂಡು, ಸಿಕ್ಕಿಹಾಕಿಕೊಂಡವರ ಹತ್ತಿರ ಮಾತಾಡುವ ಅದೇ ದನಿಯಲ್ಲಿ ಮೇಡಂಗೆ ಹೇಳಿದರು:

"ಇಲ್ಲ ಮೇಡಂ, ಕೆಲಸಕ್ಕಲ್ಲ. ಸುಮ್ನೆ ನೋಡಿ ಹೋಗೋಣ ಅಂತ ಬಂದ್ವಿ, ಅಷ್ಟೇ."